ಮಸ್ಕಿಯಲ್ಲೇ ಮುಗಿದ ಬುದ್ಧಿ ಪರೀಕ್ಷೆ

ನಡೆದದ್ದು ಮೊನ್ನೆ ಭಾನುವಾರ, ಡೈರಿಗೆ ಬರೆಯುತ್ತಿರುವುದು ಇವತ್ತು. ಅಷ್ಟರಲ್ಲೇ ಕೆಲವು ವಿವರಗಳು ಕಲಸಿಹೋಗಿರಬಹುದು. ಬಸ್ಸಿನ ಸೀಟು ಮೂರನೆಯದೋ ನಾಲ್ಕನೆಯದೋ ಎಂದು ಯಾರಾದರೂ ಗದರಿಸಿ ಕೇಳಿದರೆ ತಡವರಿಸುತ್ತೇನೆ. ಮಾತುಗಳನ್ನು ಮಾತ್ರ ಸರಿಯಾಗಿಯೇ ಬರೆದಿದ್ದೇನೆ. ನನ್ನನ್ನು ನೋಡಿ ನಕ್ಕವರ ಮಾತುಗಳನ್ನು ನಾನು ಅಷ್ಟು ಬೇಗ ಮರೆಯುವವಳಲ್ಲ.

ಸಿಂಧನೂರಿನ ಒಂದು ಪಿಯು ಕಾಲೇಜಿನಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ. ಸಾವಿರ ವರ್ಷದ ಹಿಂದೆ ಯಾರು ಯಾರನ್ನು ಸೋಲಿಸಿದರು ಎಂದು ನಾನು ಹೇಳಿದರೆ ಎಂಬತ್ತು ಮಕ್ಕಳು ಬರೆದುಕೊಳ್ಳುತ್ತಾರೆ. ನಿನ್ನೆ ಗ್ಯಾಸ್ ಬುಕ್ ಮಾಡುತ್ತೇನೆಂದು ಒಪ್ಪಿಕೊಂಡವರು ಯಾರು ಎಂದು ಹೇಳಿದರೆ ಮನೆಯಲ್ಲಿ ಒಬ್ಬರೂ ನಂಬುವುದಿಲ್ಲ. ಯಾವ ವಾದ ಎದ್ದರೂ ನನ್ನ ಗಂಡ ಶರಣಪ್ಪ ಒಂದೇ ತೀರ್ಪು ಕೊಡುತ್ತಾರೆ. “ನಿನಗ ನೆನಪಿರಂಗಿಲ್ಲ ಬಿಡು.”

ಮದುವೆಯಾದಂದಿನಿಂದ ಈ ತೀರ್ಪಿನ ಮೇಲೆ ಮೇಲ್ಮನವಿಗೆ ಅವಕಾಶವೇ ಇರಲಿಲ್ಲ. ಹೀಗಿರುವಾಗ ಒಂದು ದಿನ ಫೋನಿನಲ್ಲಿ ಬಿಟ್ಟಿ ಬುದ್ಧಿ ಪರೀಕ್ಷೆಯೊಂದನ್ನು ಬರೆದೆ. ‘ನೀವು ಅಪರೂಪದ ಬುದ್ಧಿವಂತರು’ ಎಂದು ಫಲಿತಾಂಶ ಬಂತು. ನನಗೆ ಆಶ್ಚರ್ಯವೇನೂ ಆಗಲಿಲ್ಲ. ಅತಿ ಬುದ್ಧಿವಂತರದೇ ಒಂದು ಸಂಘವಿದೆಯೆಂದೂ, ಸೇರಬಯಸುವವರಿಗೆ ಲಿಂಗಸುಗೂರಿನ ಶಾಲೆಯೊಂದರಲ್ಲಿ ಭಾನುವಾರ ಹನ್ನೊಂದಕ್ಕೆ ಅಸಲಿ ಪರೀಕ್ಷೆ ಇದೆಯೆಂದೂ ಅಲ್ಲೇ ತಿಳಿಯಿತು. ಪಾಸಾದರೆ ಸರ್ಟಿಫಿಕೇಟು. ಅದಕ್ಕೆ ಫ್ರೇಮು ಹಾಕಿಸಿ ಗಂಡನ ಊಟದ ಜಾಗದ ಎದುರಿಗೇ ತೂಗುಹಾಕುವುದೆಂದು ಗೋಡೆಯನ್ನೂ ಗೊತ್ತುಮಾಡಿದೆ.

“ಶಾಣ್ಯಾರಿಗೆ ಸಂಘ ಯಾಕ ಬೇಕು? ಕೂಡಿ ಏನ ಮಾಡ್ತಾರ?” ಎಂದರು ಗಂಡ.

“ಒಗಟು ಬಿಡಸ್ತಾರ್ರೀ. ಚರ್ಚೆ ಮಾಡ್ತಾರ.”

“ಇಲ್ಲಿ ಮಾಡೋ ಚರ್ಚೆ ಸಾಲವಲ್ದೇನು?”

ಜವಳಗೇರಾದವರಾದ ನಮ್ಮ ಅತ್ತೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ತಲೆ ಎತ್ತದೆ ಕೇಳಿದರು, “ಆ ಸಂಘದಾಗ ಏನ ಕೊಡ್ತಾರವಾ?”

“ಸರ್ಟಿಫಿಕೇಟ್ ಕೊಡ್ತಾರ್ರೀ ಅತ್ತಿ.”

“ಅಷ್ಟ ಏನು? ನಮ್ಮೂರ ಸಂಘದಾಗ ಹೊಲಿಗಿ ಮಷಿನ್ ಕೊಟ್ಟಾರ.”

ಭಾನುವಾರ ಹೊರಟೆ. ಲಿಂಗಸುಗೂರಿನ ನೇರ ಬಸ್ಸು ತಪ್ಪಿತು. ಮಸ್ಕಿಯವರೆಗೆ ಒಂದು ಬಸ್ಸು ಹಿಡಿದು, ಅಲ್ಲಿಳಿದು ಇನ್ನೊಂದಕ್ಕೆ ಕಾದೆ. ಅದು ಬಂದು ನಿಂತದ್ದೇ ತಡ, ಜನ ಬಾಗಿಲಿಗೆ ಮುತ್ತಿದರು. ನಮ್ಮ ಕಡೆ ಸೀಟು ಸಿಗುವುದು ಬಾಗಿಲಿನಿಂದಲ್ಲ, ಕಿಟಕಿಯಿಂದ. ಹೊರಗಿನಿಂದಲೇ ಟವೆಲ್ಲೋ ಕರ್ಚೀಫೋ ಒಗೆದರೆ ಆ ಸೀಟು ನಿಮ್ಮದು. ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇರುವುದಿಲ್ಲ.

ಬಾಗಿಲ ಕಡೆಯ ಕಿಟಕಿಗಳಲ್ಲಿ ಆಗಲೇ ಟವೆಲ್ಲುಗಳು ತುಂಬಿದ್ದವು. ಇಲ್ಲಿ ನನ್ನ ಅಪರೂಪದ ಬುದ್ಧಿ ಕೆಲಸ ಮಾಡಿತು. ಬಸ್ಸನ್ನು ಸುತ್ತಿಕೊಂಡು ಆಚೆ ಬದಿಗೆ ಹೋದೆ. ಆಚೆ ಇನ್ನೊಂದು ಬಸ್ಸು ಒತ್ತಿ ನಿಂತಿತ್ತು, ನಡುವೆ ಒಬ್ಬರು ನುಸುಳುವಷ್ಟು ಸಂದಿ. ಎದುರಿನಿಂದ ಪೇರಲಹಣ್ಣಿನ ಬುಟ್ಟಿ ಹೊತ್ತ ಹೆಂಗಸು ಬಂದಳು. ಅವಳಿಗೆ ದಾರಿ ಬಿಡಲು ಗರಕ್ಕನೆ ತಿರುಗಿದೆ. ಕರ್ಚೀಫು ಹಗುರ, ಯಾರಾದರೂ ಸರಿಸಿಯಾರು ಎಂದು ಯೋಚಿಸಿ ಭಾರವಾದದ್ದನ್ನೇ ಕಿಟಕಿಯಲ್ಲಿ ತೂರಿಸಿದೆ. ಅದು ನನ್ನ ಬ್ಯಾಗು. ಅದರಲ್ಲಿ ಪ್ರವೇಶಪತ್ರ, ಆಧಾರ್ ಕಾರ್ಡು, ಪರ್ಸು, ಫೋನು, ಚೂಪು ಮಾಡಿದ ಎರಡು ಪೆನ್ಸಿಲ್ಲು ಇದ್ದವು.

ನಂತರ ಮಹಾರಾಣಿಯಂತೆ ನಿಧಾನವಾಗಿ ಬಸ್ಸು ಹತ್ತಿದೆ. ನನ್ನ ಸೀಟಿನಲ್ಲಿ ಮೀಸೆಯ ಗಂಡಸೊಬ್ಬ ಕೂತಿದ್ದ.

“ಏಳ್ರಿ, ಇದು ನನ್ನ ಸೀಟು. ಬ್ಯಾಗ್ ಹಾಕೀನಿ.”

“ಯಾವ ಬ್ಯಾಗ್ ಬೇ ಯಕ್ಕ?”

“ಎಲ್ಲಿಟ್ರಿ ಅದನ್ನ? ನೋಡಾಕ ಮರ್ಯಾದಸ್ತರಂಗ ಕಾಣ್ತೀರಿ!”

ಇಡೀ ಬಸ್ಸು ಸೀಟಿನ ಕೆಳಗೆ ಬಗ್ಗಿ ಹುಡುಕಿತು. ಕೊನೆಗೆ ಆ ಮೀಸೆಯವನೇ ಕಿಟಕಿಯಾಚೆ ಬೆರಳು ತೋರಿಸಿದ. ಪಕ್ಕದ ಬಸ್ಸು ಸಿಂಧನೂರಿನ ದಿಕ್ಕಿಗೆ ಚಲಿಸುತ್ತಿತ್ತು. “ಅಲ್ನೋಡು ಯಕ್ಕ, ನಿನ್ನ ಬ್ಯಾಗ್ ಆರಾಮ ಕುಂತು ಹೊಂಟೈತಿ.”

ಓಡಿ ಇಳಿಯುವಷ್ಟರಲ್ಲಿ ಆ ಬಸ್ಸು ದೂಳೆಬ್ಬಿಸಿ ಹೋಗಿಯಾಗಿತ್ತು. ನನ್ನ ಹಿಂದೆಯೇ ಇಳಿದು ಬಂದ ಮೀಸೆಯವನು ತನ್ನ ಫೋನು ಕೊಟ್ಟ. ಗಂಡನ ನಂಬರು ನೆನಪಾಗಲಿಲ್ಲ. ನನಗೆ ಬಾಯಿಪಾಠವಿದ್ದದ್ದು ಒಂದೇ ನಂಬರು, ನನ್ನದು. ಅದಕ್ಕೇ ಹಚ್ಚಿದೆ. ಒಬ್ಬ ಹೆಂಗಸು ಎತ್ತಿಕೊಂಡಳು.

“ಎಲ್ಲಿ ಅದೀಯವಾ? ನಿನ್ನ ಸೀಟಿನಾಗ ಯಾರಿಗೂ ಕುಂದ್ರಾಕ ಬಿಟ್ಟಿಲ್ಲ ನಾ. ನಿಂತ ಮಂದಿ ಬಯ್ಯಾಕತ್ತಾರ, ಲಗೂನ ಬಾ.”

“ಯಕ್ಕಾ, ನಾ ಆ ಬಸ್ಸಿನಾಗ ಇಲ್ರೀ.”

“ಮತ್ತ ಸೀಟ್ ಯಾಕ ಹಿಡದಿ?”

ಈ ಪ್ರಶ್ನೆ ಬಿಟ್ಟಿ ಪರೀಕ್ಷೆಯಲ್ಲಿ ಬಂದಿರಲಿಲ್ಲ.

“ನಿನ್ನ ಯಜಮಾನ್ರು ಈಗರ ಫೋನ್ ಮಾಡಿದ್ರವಾ. ಎತ್ತಿ, ಬ್ಯಾಗ್ ಅಷ್ಟ ಬಂದೈತಿ, ಆಕಿ ಬಂದಿಲ್ಲ ಅಂದೆ. ಅವ್ರು ಭಾಳ ನಕ್ಕರು. ಸಿಂಧನೂರಾಗ ಅವರ ಕೈಗೇ ಕೊಡ್ತೀನಿ, ನೀ ಮಸ್ಕಿಯಾಗ ಅದೀ ಅಂತಾನೂ ಹೇಳ್ತೀನಿ.”

ಫೋನು ವಾಪಸು ಕೊಡುವಾಗ ಮೀಸೆಯವನು ಕೇಳಿದ, “ಎಲ್ಲಿಗೆ ಹೊಂಟಿದ್ದಿ ಯಕ್ಕ?”

ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲ. “ಲಿಂಗಸುಗೂರಿಗೆ. ಬುದ್ಧಿ ಎಷ್ಟೈತಿ ಅಂತ ಪರೀಕ್ಷೆ ಬರಿಯಾಕ.”

ಅವನು ನಗಲಿಲ್ಲ. ಬಹಳ ಮರ್ಯಾದೆಯಿಂದ ಹೇಳಿದ, “ಹಂಗಾರ ಅಷ್ಟು ದೂರ ಹೋಗೋದು ಬ್ಯಾಡ ಬಿಡು.” ಅವನ ಬಸ್ಸು ಹೊರಟಿತು. ಅವನು ಹತ್ತಿಕೊಂಡ.

ಹನ್ನೊಂದು ಹೊಡೆದಾಗ ಲಿಂಗಸುಗೂರಿನಲ್ಲಿ ಬುದ್ಧಿವಂತರು ಪ್ರಶ್ನೆಪತ್ರಿಕೆ ತೆರೆದಿರಬೇಕು. ನಾನು ಮಸ್ಕಿಯ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ಆ ಹೆಂಗಸಿನ ಬಗ್ಗೆ ಯೋಚಿಸುತ್ತಿದ್ದೆ. ಮುಖ ಕಾಣದವಳ ಸೀಟಿಗಾಗಿ ಬಸ್ಸಿನ ತುಂಬ ಜಗಳವಾಡಿದವಳನ್ನು ಯಾವ ಸಂಘ ಸೇರಿಸಿಕೊಳ್ಳುತ್ತದೆ? ಅಂಥ ಸಂಘವಿದ್ದರೆ ನನ್ನನ್ನು ಒಳಗೆ ಬಿಡುತ್ತಾರೆಯೇ? ಮೀಸೆಯವನಿಗೆ ಕ್ಷಮೆ ಕೇಳಿಲ್ಲವೆಂಬುದೂ ಆಗಲೇ ನೆನಪಾಯಿತು.

ಮಧ್ಯಾಹ್ನ ಗಂಡ ಬೈಕಿನಲ್ಲಿ ಬಂದರು. ನನ್ನ ಬ್ಯಾಗು ಅವರ ಹೆಗಲಲ್ಲಿತ್ತು. ಬಯ್ಯಲಿಲ್ಲ, ನಗಲೂ ಇಲ್ಲ. ಅದೇ ಹೆಚ್ಚು ಚುಚ್ಚಿತು. ದಾರಿಯಲ್ಲಿ ಒಮ್ಮೆ ಮಾತ್ರ ಕೇಳಿದರು, “ಮುಂದಿನ ಸಲ ಪರೀಕ್ಷೆಗೆ ನಾ ಬಿಟ್ಟು ಬರ್ಲೇನು?” ವ್ಯಂಗ್ಯವೋ ಪ್ರೀತಿಯೋ ಗಾಳಿಯಲ್ಲಿ ಗೊತ್ತಾಗಲಿಲ್ಲ.

ಮನೆಯಲ್ಲಿ ಎಲ್ಲವನ್ನೂ ಕೇಳಿದ ಅತ್ತೆ, “ಸೀಟ್ ಕಾದಾಕಿ ಶಾಣ್ಯಾಕಿ ನೋಡು” ಎಂದಷ್ಟೇ ಹೇಳಿದರು. ನನಗೆ ತಡೆಯಲಾಗಲಿಲ್ಲ.

“ಅತ್ತಿ, ಖರೇ ಹೇಳ್ರಿ. ನನ್ನ ನೋಡಾಕ ಬಂದಾಗ ನಾ ಶಾಣ್ಯಾಕಿ ಅಂತ ಒಪ್ಪಿದ್ರೋ, ಅಲ್ಲ ಅಂತ ಒಪ್ಪಿದ್ರೋ?”

ಹಾಲು ಉಕ್ಕುತ್ತಿದೆ ಎನ್ನುತ್ತ ಅತ್ತೆ ಒಳಗೆ ಹೋದರು. ಇಣುಕಿ ನೋಡಿದೆ. ಒಲೆಯ ಮೇಲೆ ಹಾಲು ಇರಲಿಲ್ಲ. ಇವತ್ತಿಗೆ ಮೂರು ದಿನ, ಉತ್ತರ ಇನ್ನೂ ಬಂದಿಲ್ಲ.