ಗಾಡಿ ಬಾರದ ದಾರಿಯಲ್ಲಿ ಅತ್ತೆಮನೆಗೆ

ನಾನು ರಾಣೆಬೆನ್ನೂರಿನ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮಾಸ್ತರ. ಭೂಮಿಯ ಮೇಲೆ ಎಲ್ಲಿ ಬಿಟ್ಟರೂ ದಾರಿ ಹುಡುಕಿಕೊಂಡು ಮನೆಗೆ ಬರಬಲ್ಲೆ ಎಂಬ ಧೈರ್ಯ ನನಗೆ ಇಪ್ಪತ್ತು ವರ್ಷ ಇತ್ತು. ಅದು ಹೋದದ್ದು ಒಂದೇ ಭಾನುವಾರ, ಬೆಳಗಿನ ಆರೂವರೆಯಿಂದ ಹನ್ನೊಂದರ ಒಳಗೆ.

ಆ ವರ್ಷ ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿತ್ತು. ಸಕ್ಕರೆ ಕಾಯಿಲೆ ಬಾಗಿಲಲ್ಲಿ ನಿಂತಿದೆ, ಮೈ ದಣಿಸಿರಿ ಎಂದು ಡಾಕ್ಟರು ಹೇಳಿದ್ದರಿಂದ ನಾನು ಗೇರಿನ ಸೈಕಲ್ ಒಂದನ್ನು ಕೊಂಡಿದ್ದೆ. ಮೊದಲ ದಿನ ಹೆದ್ದಾರಿಯಲ್ಲೇ ತುಳಿದೆ. ಲಾರಿಗಳ ಧೂಳು ಮೆತ್ತಿಕೊಂಡು ಮನೆಗೆ ಬಂದಾಗ ಹೆಂಡತಿ ಶಾಂತಾ ಬಾಗಿಲು ತೆರೆದು, "ಯಾರು ಬೇಕಾಗಿತ್ತರಿ?" ಎಂದು ಕೇಳಿದಳು.

ಅಂದೇ ತೀರ್ಮಾನಿಸಿದೆ. ಇನ್ನು ಮೇಲೆ ಒಂದು ಗಾಡಿಯೂ ಸುಳಿಯದ, ಜಲ್ಲಿಯಂಥ ಗರಸಿನ ದಾರಿಗಳಲ್ಲಿ ಮಾತ್ರ ನನ್ನ ಸವಾರಿ. ಹೊಲಗಳ ನಡುವಿನ ಬಂಡಿದಾರಿ, ಕೆರೆಯ ಏರಿ, ಹಳ್ಳದ ದಂಡೆ. ಯಾರ ಅಟ್ಟದ ಮೇಲೋ ಇದ್ದ ಹಳೆಯ ನಕಾಶೆಯನ್ನು ಬೇಡಿ ತಂದು, ಅದರಲ್ಲಿದ್ದ ಚುಕ್ಕೆಗೆರೆಗಳನ್ನೆಲ್ಲ ಹಸಿರು ಪೆನ್ಸಿಲಿನಿಂದ ತಿದ್ದಿ ಮಡಚಿ ಸವಾರಿಯ ಚೀಲದಲ್ಲಿಟ್ಟೆ. ತಾಲೂಕಿನಲ್ಲಿ ಇಷ್ಟು ದಾರಿಗಳಿವೆ, ಒಬ್ಬರಿಗೂ ಗೊತ್ತಿಲ್ಲವಲ್ಲ ಎಂದು ಜನರ ಬಗ್ಗೆ ಕನಿಕರವೂ ಬಂತು. ಜನರು ಆ ದಾರಿಗಳನ್ನು ಯಾಕೆ ಬಿಟ್ಟಿದ್ದಾರೆಂದು ಯೋಚಿಸಲಿಲ್ಲ.

ಆ ಭಾನುವಾರ ಕದರಮಂಡಲಗಿಯ ನನ್ನ ಅತ್ತೆಮನೆಯಲ್ಲಿ ಶಾಂತಾಳ ತಂಗಿ ಗಿರಿಜಾಳನ್ನು ನೋಡಲು ಹಾವೇರಿಯಿಂದ ಗಂಡಿನವರು ಬರುವವರಿದ್ದರು. ಹಿಂದೆ ಎರಡು ಸಂಬಂಧ ತಪ್ಪಿದ್ದವು. ಇದನ್ನು ಮಾತ್ರ ಗಿರಿಜಾಳೇ ಬಯಸಿದ್ದಳು. ಗೆಳತಿಯ ಮದುವೆಯಲ್ಲಿ ಹುಡುಗನನ್ನು ನೋಡಿದ್ದಳು, ಅವನೂ ಇವಳನ್ನು ನೋಡಿದ್ದ. ಹಿರಿಯರಿಗೆ ಅದು ತಮ್ಮದೇ ಆಲೋಚನೆ ಅನ್ನಿಸುವ ಹಾಗೆ ಮಾಡಲು ಶಾಂತಾಳಿಗೆ ಆರು ತಿಂಗಳು ಹಿಡಿದಿತ್ತು.

"ಬಸ್ಸಿಗೆ ಬರ್ರಿ ಅಂದ್ರ ಯಾಕ ಕೇಳವಲ್ರಿ?" ಎಂದಳು ಶಾಂತಾ. "ಹಿರೇ ಅಳಿಯಾ ನೀವು. ಬಂದವರ ಜೋಡಿ ಮಾತಾಡಾಕ ನಮ್ಮಪ್ಪಗ ಬರಂಗಿಲ್ಲ. ನೀವು ಅಲ್ಲಿ ಇರಾಕಬೇಕು."

"ನೀ ಬಸ್ ಇಳಿಯೂದ್ರಾಗ ನಾ ಕಟ್ಟಿ ಮ್ಯಾಲ ಕುಂತು ಚಾ ಕುಡೀತಿರ್ತೀನಿ. ಗಾಡಿ ಬರದ ದಾರಿ. ಎದುರಿಗೆ ಒಂದ್ ನಾಯಿ ಸುದ್ದಾ ಬರಂಗಿಲ್ಲ."

ನಾಯಿಯ ಮಾತು ನಿಜವಾಯಿತು. ಮೊದಲ ಒಂದು ತಾಸು ಸೈಕಲ್ಲಿನ ಕೆಳಗೆ ಗರಸು ಕರಕರ ಅನ್ನುತ್ತಿತ್ತು, ಎಡಬಲಕ್ಕೆ ಜೋಳ, ನಡುವೆ ನಾನೊಬ್ಬನೇ. ಹಾಡನ್ನೂ ಹಾಡಿದೆ. ಎರಡನೆಯ ತಾಸಿನಲ್ಲಿ ಹಸಿರು ಗೆರೆ ನೇರವಾಗಿ ಮುಂದೆ ಹೋಗಿತ್ತು, ದಾರಿ ಮಾತ್ರ ಹೋಗಿರಲಿಲ್ಲ. ಎದುರಿಗೆ ಮೆಣಸಿನಗಿಡಗಳು ಸಾಲುಸಾಲಾಗಿ ನಿಂತಿದ್ದವು. ಬದುವಿನ ಮೇಲೆ ಒಬ್ಬ ಮುದುಕ ಕುಳಿತಿದ್ದ. ನಕಾಶೆ ಬಿಚ್ಚಿ ತೋರಿಸಿದೆ.

"ಅಜ್ಜಾರ, ಇಲ್ಲೊಂದು ಬಂಡಿದಾರಿ ಇರಬೇಕಲ್ಲರಿ?"

"ಇತ್ತರಿ. ನಮ್ಮಪ್ಪನ ಕಾಲಕ್ಕ. ಈಗ ಮೆಣಸಿನಕಾಯಿ ಐತಿ."

"ಮುಂದ ಮತ್ತ ಹತ್ತತೈತೇನ್ರಿ? ಗಾಡಿ ಪಾಡಿ ಬರಂಗಿಲ್ಲಲ್ಲ ಅಲ್ಲಿ?"

ಅಜ್ಜ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. "ದಾರೀನ ಇಲ್ಲಂದ ಮ್ಯಾಲ ಗಾಡಿ ಹೆಂಗ ಬರ್ತಾವರಿ?"

ಹಿಂದಿರುಗಬಹುದಿತ್ತು. ಆದರೆ ನಕಾಶೆಯನ್ನು ನಂಬುವವನು ಹಿಂದಿರುಗುವುದಿಲ್ಲ. ಹಿಂದಿನ ದಿನ ನೀರು ಬಿಟ್ಟಿದ್ದ ಎರೆಮಣ್ಣಿನ ಹೊಲಕ್ಕೆ ಇಳಿದೆ. ಹತ್ತು ಹೆಜ್ಜೆಗೆ ಎಡಗಾಲಿನ ಚಪ್ಪಲಿಯನ್ನು ಕೆಸರು ನುಂಗಿತು, ಮೊಣಕೈ ತನಕ ಕೈ ಹಾಕಿದರೂ ಮರಳಿ ಕೊಡಲಿಲ್ಲ. ಉಳಿದೊಂದು ಚಪ್ಪಲಿಯನ್ನು ಕ್ಯಾರಿಯರಿಗೆ ಸಿಕ್ಕಿಸಿದೆ. ಬದು ಹತ್ತಿದ ಕೂಡಲೇ ಜಾಲಿಮುಳ್ಳು ಎರಡೂ ಗಾಲಿಗಳನ್ನು ಪಂಕ್ಚರ್ ಮಾಡಿತು. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಹಳ್ಳಕ್ಕೆ ಇಳಿದೆ. ಗೇರಿನ ಸೈಕಲ್ ಎಷ್ಟು ಭಾರ ಎಂಬುದು ಅದನ್ನು ಹೊತ್ತವರಿಗೆ ಗೊತ್ತು. ನಟ್ಟನಡುವೆ ಕಾಲು ಜಾರಿ, ಸೈಕಲ್ ನನ್ನ ಮೇಲೆ, ನಾನು ನೀರಿನ ತಳದಲ್ಲಿ.

ಎದ್ದು ನೋಡಿಕೊಂಡಾಗ ಒದ್ದೆ ಬಟ್ಟೆ ಮೈಗೆ ಅಂಟಿತ್ತು. ದಂಡೆಗೆ ಬಂದು, ಬಿಸಿಲು ತಾಕದಿರಲೆಂದು ಚೀಲದಲ್ಲಿದ್ದ ಬಿಳಿ ಟವೆಲ್ಲನ್ನು ಹಿಂಡಿ ತಲೆಯ ಮೇಲೆ ಹೊದ್ದುಕೊಂಡೆ. ಊರು ಕಾಣುತ್ತಿತ್ತು. ಹೊತ್ತಾಯಿತೆಂದು ಸೈಕಲ್ ತಳ್ಳಿಕೊಂಡು ಓಡಿದೆ.

ನಮ್ಮ ಕಡೆ ಸಾವಿನ ಸುದ್ದಿ ಹೇಗೆ ಬರುತ್ತದೆಂದು ನಾನು ಆಗಲಾದರೂ ನೆನೆಸಿಕೊಳ್ಳಬೇಕಾಗಿತ್ತು. ಊರಿಗೆ ಫೋನು ಬಂದು ವರ್ಷಗಳಾದರೂ ಹತ್ತಿರದವರು ಹೋದರೆ ಮನುಷ್ಯನನ್ನೇ ಕಳಿಸುವ ರೂಢಿ ಅಲ್ಲಿ ಇನ್ನೂ ಉಳಿದಿತ್ತು. ಅವನು ತಲೆಯ ಮೇಲೆ ಬಿಳಿ ಬಟ್ಟೆ ಹೊದ್ದು, ಸೈಕಲ್ಲಿನಲ್ಲಿ ಅಡ್ಡದಾರಿ ಹಿಡಿದು ಬರುತ್ತಾನೆ. ಹೊಸ್ತಿಲು ದಾಟುವುದಿಲ್ಲ. ನೀರು ಕೊಟ್ಟರೂ ಮುಟ್ಟುವುದಿಲ್ಲ. ತಲೆ ತಗ್ಗಿಸಿ ನಿಲ್ಲುತ್ತಾನೆ. ಬಾಯಿಬಿಟ್ಟು ಹೇಳುವ ಪ್ರಸಂಗವೇ ಬರುವುದಿಲ್ಲ.

ಅತ್ತೆಮನೆಯ ಮುಂದೆ ದೊಡ್ಡ ರಂಗೋಲಿ ಹಾಕಿದ್ದರು. ಹೊತ್ತು ಹತ್ತೂ ಮುಕ್ಕಾಲು. ಹತ್ತಕ್ಕೇ ಬರಬೇಕಾಗಿದ್ದ ಶಾಂತಾಳ ಬಸ್ಸು ಹೆದ್ದಾರಿಯ ಅಗೆತದಲ್ಲಿ ಎಲ್ಲೋ ಸಿಕ್ಕಿಕೊಂಡಿತ್ತು. ಮಗಳು ಬರಲಿಲ್ಲವಲ್ಲ ಎಂದು ಅತ್ತೆ ದಾರಿ ನೋಡುತ್ತ ಬಾಗಿಲಲ್ಲೇ ನಿಂತಿದ್ದರು. ಅಲ್ಲಿಗೆ ನಾನು ಬಂದೆ. ಬರಿಗಾಲು, ಒದ್ದೆ ಬಟ್ಟೆ, ತಲೆಯ ಮೇಲೆ ಬಿಳಿ ಟವೆಲ್, ಜೊತೆಗೆ ಹೆಂಡತಿ ಇಲ್ಲ.

"ಶಾಂತಾ ಎಲ್ಲಿ? ಒಳಗ ಬರ್ರಿ," ಎಂದರು ಅತ್ತೆ. ಕೆಸರುಗಾಲಿನಿಂದ ರಂಗೋಲಿ ಕೆಡಬಾರದೆಂದು ಒಲ್ಲೆ ಎಂದು ತಲೆ ಅಲ್ಲಾಡಿಸಿದೆ. ನೀರಿನ ತಂಬಿಗೆ ಮುಂದೆ ಹಿಡಿದರು. ಮೊದಲು ಉಸಿರು ಬರಲಿ ಎಂದು ಕೈ ಅಡ್ಡ ಮಾಡಿದೆ. "ಶಾಂತಾ..." ಎಂದೆ. ಮುಂದೆ ಉಸಿರಿಲ್ಲ. ಹ್ಯಾಂಡಲ್ ಮೇಲೆ ಹಣೆ ಇಟ್ಟು ನಿಂತೆ.

ತಂಬಿಗೆ ಕೆಳಗೆ ಬಿತ್ತು. ಅತ್ತೆ ಎದೆ ಬಡಿದುಕೊಂಡು ಅಳತೊಡಗಿದರು. ಮಾವ ಕಟ್ಟೆಯ ಮೇಲೆ ಕುಸಿದು ಕುಳಿತರು. ಓಣಿಯೆಲ್ಲ ಕೂಡಿತು. ನಾನು ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ, "ಬಸ್ಸು..." ಎಂದೆ.

"ಬಸ್ಸಿನ ಕೆಳಗ ಸಿಕ್ಕಾಳಂತ!" ಎಂದು ಯಾರೋ ಹಿಂದಿನವರಿಗೆ ತಿಳಿಸಿದರು. ಅಳು ಎರಡರಷ್ಟಾಯಿತು.

ರೇಷ್ಮೆ ಸೀರೆ ಉಟ್ಟು ಸಿಂಗಾರವಾಗಿದ್ದ ಗಿರಿಜಾ ಹೊರಗೆ ಬಂದಳು. ಮುಡಿದಿದ್ದ ಮಲ್ಲಿಗೆಯನ್ನು ತೆಗೆದು ಕಟ್ಟೆಯ ಮೇಲಿಟ್ಟಳು. ಬರುವವರ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ನನ್ನ ಹತ್ತಿರ ಬಂದು, "ನಮ್ಮಕ್ಕ ಕಡೀಕ ಏನರೆ ಅಂದ್ಳೇನ್ರಿ ಮಾಮಾ?" ಎಂದು ಕೇಳಿದಳು. ಅದುವರೆಗೂ ನನಗೆ ಏನಾಗಿದೆ ಎಂದು ಹೊಳೆದಿರಲಿಲ್ಲ. ಈಗ ಹೊಳೆಯಿತು. ಆಗಷ್ಟೇ ಬರುತ್ತಿದ್ದ ಉಸಿರೂ ನಿಂತಿತು.

ಅದೇ ಗಳಿಗೆಗೆ ಓಣಿಯ ತುದಿಯಲ್ಲಿ ಜೀಪೊಂದು ನಿಂತಿತು. ಗಂಡಿನವರು ಇಳಿದು, ಅಳು ಕೇಳಿ, ಪಕ್ಕದ ಮನೆಯ ನಿಂಗಪ್ಪ ಕಾಕಾನಿಂದ ವಿಷಯ ತಿಳಿದು, ದೂರದಿಂದಲೇ ಕೈಮುಗಿದು ಮತ್ತೆ ಜೀಪು ಹತ್ತಿದರು. ಬಹಳ ಮರ್ಯಾದಸ್ಥ ಜನ. ಜೀಪು ಮರೆಯಾದ ಮೇಲೆ ನನ್ನ ಬಾಯಿಂದ ಪೂರ್ತಿ ವಾಕ್ಯ ಹೊರಟಿತು. "ಶಾಂತಾ ಬಸ್ಸಿನಾಗ ಬರಾಕತ್ತಾಳರಿ." ಆ ಗದ್ದಲದಲ್ಲಿ ಅದನ್ನು ಕೇಳಿದವನು ನಾನೊಬ್ಬನೇ.

ಐದು ನಿಮಿಷಕ್ಕೆ ಶಾಂತಾ ಪೇಢೆಯ ಡಬ್ಬಿ ಹಿಡಿದು ಬಂದಳು. ತವರಿನ ಮುಂದೆ ಅಳುವ ಜನ. ಗುಂಪಿನ ಈಚೆ ನೆಲಕ್ಕೆ ಬಿದ್ದ ನನ್ನ ಸೈಕಲ್, ಕ್ಯಾರಿಯರಿನಲ್ಲಿ ನನ್ನ ಒಂದೇ ಒಂದು ಚಪ್ಪಲಿ. ಜನರ ನಡುವೆ ಇದ್ದ ನಾನು ಅವಳಿಗೆ ಕಾಣಲಿಲ್ಲ. ಡಬ್ಬಿ ಅಲ್ಲೇ ಬಿತ್ತು. "ಬಸ್ಸಿಗೆ ಬರ್ರಿ ಅಂತ ಬಡಕೊಂಡ್ನೆಲ್ಲರೀ..." ಎಂದು ಅವಳು ಅಳುತ್ತ ಗುಂಪಿನೊಳಗೆ ನುಗ್ಗಿದಳು. ಮಗಳಿಗಾಗಿ ಅಳುತ್ತಿದ್ದ ತಾಯಿ, ಗಂಡನಿಗಾಗಿ ಅಳುತ್ತಿದ್ದ ಮಗಳು ಎದುರುಬದುರಾದರು. ಅಳು ನಿಂತಿತು. ಆಮೇಲೆ ಎಲ್ಲರೂ ಸಾವಕಾಶವಾಗಿ ನನ್ನ ಕಡೆ ತಿರುಗಿದರು.

ಆ ನೋಟದ ಬಗ್ಗೆ ನಾನು ಹೆಚ್ಚಿಗೆ ಬರೆಯುವುದಿಲ್ಲ.

"ಗಂಡಿನವರು ಹನುಮಪ್ಪಗ ಕಾಯಿ ಒಡಿಸಿಕೊಂಡ ಹೋಗ್ತೇವಿ ಅಂದ್ರು," ಎಂದ ನಿಂಗಪ್ಪ ಕಾಕಾ. "ಇನ್ನೂ ಗುಡಿಯಾಗ ಇರಬೇಕು."

"ಗುಡಿಗೆ ಹಿತ್ತಲಿಂದ ಒಂದು ಕಾಲುದಾರಿ..." ಎನ್ನುತ್ತ ಚೀಲದಿಂದ ಒದ್ದೆ ನಕಾಶೆ ತೆಗೆದೆ. ಶಾಂತಾ ನನ್ನ ಕೈಯಿಂದ ನಕಾಶೆಯನ್ನು ತೆಗೆದುಕೊಂಡು ನಾಲ್ಕಾಗಿ ಹರಿದಳು.

ಗಿರಿಜಾ ಮಲ್ಲಿಗೆಯನ್ನು ಮತ್ತೆ ಮುಡಿದು, ಚಪ್ಪಲಿ ಮೆಟ್ಟಿದಳು. "ನಾನ ಹೋಗಿ ಕರಕೊಂಡ ಬರ್ತೇನಿ."

ಅತ್ತೆ ಗಾಬರಿಯಾದರು. "ನೋಡಾಕ ಬಂದವರನ್ನ ಹುಡುಗಿ ತಾನ ಹೋಗಿ ಕರೀತಾಳೇನ?"

"ಮತ್ತ ಮಾಮಾನ್ನ ಕಳಸ್ತೀ ಏನ?"

ಗಿರಿಜಾ ಊರ ನಡುವಿನ ಡಾಂಬರು ರಸ್ತೆಯಲ್ಲಿ, ಎತ್ತಿನಗಾಡಿ, ಟ್ರ್ಯಾಕ್ಟರುಗಳ ನಡುವೆ, ನೇರವಾಗಿ ನಡೆದು ಹೋದಳು. ಕಾಲು ತಾಸಿನಲ್ಲಿ ಜೀಪಿನ ಮುಂದಿನ ಸೀಟಿನಲ್ಲಿ ಕುಳಿತು ವಾಪಸು ಬಂದಳು. ಗುಡಿಯಲ್ಲಿ ಅವಳು ಹೇಳಿದ್ದು ಇಷ್ಟೇ ಅಂತೆ: "ನಮ್ಮನ್ಯಾಗ ಯಾರೂ ಸತ್ತಿಲ್ಲರಿ. ನಮ್ಮ ಮಾಮಾ ಸೈಕಲ್ ಮ್ಯಾಲ ಬಂದಾರ, ಅಷ್ಟ." ಹುಡುಗ ನಕ್ಕನಂತೆ. ಅಲ್ಲಿಗೇ ಸಂಬಂಧ ಕೂಡಿತ್ತು. ಮನೆಯಲ್ಲಿ ನಡೆದದ್ದು ಬರೀ ಉಪ್ಪಿಟ್ಟು ತಿನ್ನುವ ಶಾಸ್ತ್ರ.

ಬಂದವರ ಜೊತೆ ಮಾತಾಡಬೇಕಾದ ಹಿರಿಯ ಅಳಿಯ ಮಾವನ ಧೋತರ ಸುತ್ತಿಕೊಂಡು ಮೂಲೆಯಲ್ಲಿ ಕುಳಿತಿದ್ದ. ಮಾತು ಬರದ ಮಾವನೇ ಕೊನೆಗೆ, "ನಿಮ್ಮದು ಏನರೆ ಕೇಳೂದು ಐತೇನ್ರಿ?" ಎಂದರು.

ಹುಡುಗನ ತಂದೆ ನನ್ನ ಕಡೆ ನೋಡಿದರು. "ಬ್ಯಾರೆ ಏನೂ ಬ್ಯಾಡ್ರಿ. ಮದುವೀಗೆ ಇವರು ಬಸ್ಸಿಗೆ ಬರಬೇಕು."

ಬಸ್ಸಿಗೇ ಹೋದೆ, ಎರಡು ದಿನ ಮೊದಲೇ. ಅದಾಗಿ ವರ್ಷಗಳೇ ಕಳೆದರೂ ನಾನು ಆ ಬಾಗಿಲಲ್ಲಿ ನಿಂತರೆ ಅತ್ತೆ ಮೊದಲು ನನ್ನ ಕಾಲು ನೋಡುತ್ತಾರೆ. ಎರಡೂ ಚಪ್ಪಲಿ ಇದ್ದರೆ ನನ್ನ ಹೆಗಲ ಆಚೆ ಕತ್ತು ಚಾಚಿ ಮಗಳು ಬಂದಳೇ ಎಂದು ನೋಡುತ್ತಾರೆ. ಅವಳು ಕಂಡ ಮೇಲೆ, "ಬರ್ರಿ" ಎನ್ನುತ್ತಾರೆ.