ಚೆಂಡು ಹೊಡೆಯುವ ಮೊದಲು

ನಾನು ಹಟಮಾರಿ. ನಮ್ಮ ಮನೆಯಲ್ಲಿ ಈ ಮಾತನ್ನು ಬೈಗುಳವಾಗಿ ಬಳಸುತ್ತಾರೆ. ನಾನು ಬಿರುದೆಂದೇ ಸ್ವೀಕರಿಸಿದ್ದೇನೆ. ಸಿಂಧನೂರಿನಲ್ಲಿದ್ದುಕೊಂಡು ಗಾಲ್ಫ್ ಆಡುವವನಿಗೆ ಇಷ್ಟಾದರೂ ಹಟ ಬೇಡವೇ? ಇಲ್ಲಿನ ಕಚೇರಿಯೊಂದರಲ್ಲಿ ನಾನು ಗುಮಾಸ್ತ. ನಮ್ಮ ಎಂಜಿನಿಯರ್ ಸಾಹೇಬರು ವರ್ಗವಾಗಿ ಹೋಗುವಾಗ ಹಳೆಯ ಗಾಲ್ಫ್ ಕೋಲೊಂದನ್ನೂ ಆರು ಚೆಂಡುಗಳನ್ನೂ ನನಗೆ ಕೊಟ್ಟು ಒಂದು ಉಪದೇಶ ಮಾಡಿದರು. ಹೊಡೆತ ಹೇಗಾದರೂ ಇರಲಿ, ಹೊಡೆಯುವ ಮೊದಲಿನ ತಯಾರಿ ಮಾತ್ರ ಪ್ರತಿ ಸಲವೂ ಒಂದೇ ಥರ ಇರಬೇಕು. ನಡುವೆ ಕೆಟ್ಟರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಸಾಹೇಬರು ಇಲ್ಲಿದ್ದಷ್ಟು ವರ್ಷ ಹೇಳಿದ್ದರಲ್ಲಿ ನಾನು ಚಾಚೂ ತಪ್ಪದೆ ಪಾಲಿಸಿದ್ದು ಇದೊಂದೇ ಮಾತು.

ತಯಾರಿ ಅಂದರೆ ಏನು ಮಹಾ? ಚೆಂಡಿನ ಹಿಂದೆ ನಿಂತು ದೂರದ ಗುರುತೊಂದನ್ನು ನೋಡುವುದು, ಉಸಿರು ಬಿಡುವುದು, ಕೋಲನ್ನು ಎರಡು ಸಲ ಗಾಳಿಯಲ್ಲಿ ಬೀಸುವುದು, ಪಕ್ಕಕ್ಕೆ ಬಂದು ಪಾದ ಜೋಡಿಸುವುದು, ಮತ್ತೊಮ್ಮೆ ಗುರುತು, ಮತ್ತೊಮ್ಮೆ ಚೆಂಡು, ಆಮೇಲೆ ಹೊಡೆತ. ಮಾಳಿಗೆಯ ಮೇಲೆ ಇದನ್ನು ರೂಢಿ ಮಾಡುತ್ತಿದ್ದಾಗ ಹಪ್ಪಳ ಒಣಹಾಕಲು ಬಂದ ನನ್ನ ಹೆಂಡತಿ ಸ್ವಲ್ಪ ಹೊತ್ತು ನಿಂತು ನೋಡಿದಳು.

"ನನ್ನ ನೋಡಾಕ ಬಂದಾಗ ಹಿಂಗ ಎರಡೆರಡು ಸಲ ನೋಡಿದ್ರೇನು?" ಎಂದು ಕೇಳಿದಳು.

ನೋಡಿರಲಿಲ್ಲ. ಆವತ್ತು ನನ್ನ ಗಮನವೆಲ್ಲ ತಿನ್ನಲು ಕೊಟ್ಟಿದ್ದ ಚೂಡಾ ಅವಲಕ್ಕಿಯ ತಾಟಿನ ಮೇಲಿತ್ತು.

ಆಟಕ್ಕೆ ಜಾಗ ಕೊಟ್ಟವನು ಅವಳ ತಮ್ಮ ಮಲ್ಲಪ್ಪ. ಗೊರೇಬಾಳದಲ್ಲಿರುವ ಅವನ ಗದ್ದೆ, ಭತ್ತ ಕೊಯ್ದ ಮೇಲೆ ಕಾಲುವೆಗೆ ನೀರು ಬರುವವರೆಗೂ ಖಾಲಿ. ಮೊದಲ ವಾರದಲ್ಲೇ ನನ್ನ ಒಂದು ಚೆಂಡು ಅವನ ಬೈಕಿನ ಕನ್ನಡಿಯನ್ನೂ ಇನ್ನೊಂದು ಅವನ ಊಟದ ಡಬ್ಬಿಯನ್ನೂ ಹುಡುಕಿಕೊಂಡು ಹೋದವು. ಮಲ್ಲಪ್ಪ ಬೈಯಲಿಲ್ಲ, ಕರಾರು ಹಾಕಿದ.

"ಒಂದೇ ಹೊಡ್ತ, ಮಾಮಾ. ಕಾಲುವಿ ದಾಟಿದ್ರ ನೀರು ಬರೋತನಕ ಗದ್ದಿ ನಿಮ್ದು. ದಾಟಲಿಲ್ಲಂದ್ರ ಕೋಲು ನಮ್ಮ ಮನ್ಯಾಗ ಇರ್ತದ."

ರಜೆಯ ದಿನ ಬೆಳಿಗ್ಗೆ ನಾನು, ಹೆಂಡತಿ, ಮಲ್ಲಪ್ಪ ಮೂವರೂ ಹೋದೆವು. ಗೊಬ್ಬರವಾಗಲೆಂದು ಮಲ್ಲಪ್ಪ ಗದ್ದೆಯಲ್ಲಿ ಬೀರಪ್ಪನೆಂಬ ಕುರಿಗಾರನ ಮಂದೆ ನಿಲ್ಲಿಸಿದ್ದ. ನಾನು ಗುರುತು ನೋಡಿ, ಉಸಿರು ಬಿಟ್ಟು, ಎರಡನೆಯ ಬೀಸಿಗೆ ಬರುವಷ್ಟರಲ್ಲಿ ಕುರಿಗಳ ಸಾಲು ಅಡ್ಡ ಹಾಯಿತು. ಮೊದಲಿನಿಂದ ಶುರು. ಪಾದ ಜೋಡಿಸುವಾಗ ಮಲ್ಲಪ್ಪನ ಫೋನು ಕೂಗಿತು. ಮತ್ತೆ ಮೊದಲಿನಿಂದ. ಮೂರನೆಯ ಸಲ ಒಂದು ಮರಿ ಬಂದು ಚೆಂಡನ್ನು ಮೂಸಿ ನೋಡಿ ನನ್ನ ಮುಖವನ್ನೂ ನೋಡಿತು. ಅಕ್ಕ ತಮ್ಮ ಇಬ್ಬರಿಗೂ ಮಸ್ಕಿಯ ಸಂತೆಗೆ ಹೊತ್ತಾಗುತ್ತಿತ್ತು. ಸುಮ್ಮನೆ ಹೊಡೆದುಬಿಡಿ ಎಂದು ಮಲ್ಲಪ್ಪ ಅಂಗಲಾಚಿದ. ಕಾಲುವೆಗೆ ನೀರೇ ಬರಲಿ, ಒಂದು ಹೆಜ್ಜೆಯನ್ನೂ ಬಿಡುವುದಿಲ್ಲ ಎಂದೆ. ಚೆಂಡು ದಾಟುತ್ತದೋ ಇಲ್ಲವೋ ನೋಡುತ್ತಿರಲು ಬೀರಪ್ಪನಿಗೆ ಹೇಳಿ, ಅಕ್ಕನನ್ನು ಹಿಂದೆ ಕೂರಿಸಿಕೊಂಡು ಮಲ್ಲಪ್ಪ ಬೈಕು ಹತ್ತಿದ.

ನಾಲ್ಕನೆಯ ತಯಾರಿಗೆ ಯಾರೂ ಅಡ್ಡ ಬರಲಿಲ್ಲ. ಹೊಡೆದೆ. ಚೆಂಡು ಕಾಲುವೆಯ ಈಚೆ ದಂಡೆಯನ್ನೂ ಆಚೆ ದಂಡೆಯನ್ನೂ ದಾಟಿ ಕಾಣದಾಯಿತು. ನನ್ನ ಜನ್ಮದಲ್ಲಿ ನಾನು ಅಷ್ಟು ಚೆನ್ನಾಗಿ ಮಾಡಿದ ಕೆಲಸ ಇನ್ನೊಂದಿಲ್ಲ. ಖುಷಿಯಿಂದ ಹಿಂದಕ್ಕೆ ತಿರುಗಿದರೆ ಬೀರಪ್ಪ ಅತ್ತ ಮುಖ ಮಾಡಿ ಕುರಿ ಎಣಿಸುತ್ತಿದ್ದ.

ಸಂಜೆ ವಿಚಾರಣೆ ನಡೆಯಿತು. ಆಚೆ ದಂಡೆಯ ಜಾಲಿಪೊದೆಗಳಲ್ಲಿ ಎಷ್ಟು ಹುಡುಕಿದರೂ ಚೆಂಡು ಸಿಗಲಿಲ್ಲ. ಉಳಿದದ್ದು ಬೀರಪ್ಪನ ಸಾಕ್ಷಿ. ಅವನೋ ಸುಳ್ಳು ಹೇಳಲು ಒಲ್ಲದ ಮನುಷ್ಯ.

"ಮೂರು ಸಲ ತಯಾರಿ ಮಾಡಿದ್ದು ನೋಡೀನ್ರಿ. ನಾಕನೇ ಸಲಾನೂ ಹೊಡಿಯಂಗಿಲ್ಲ ಅಂತ ತಿಳಕೊಂಡು ಕುರಿ ಕಡೆ ಹೊಳ್ಳಿದ್ನಿರಿ."

ಯಾರೂ ನೋಡದ ಹೊಡೆತ ಲೆಕ್ಕಕ್ಕಿಲ್ಲವೆಂದು ಕೋಲು ಗೊರೇಬಾಳಕ್ಕೆ ಹೋಯಿತು. ನಮ್ಮ ಅತ್ತೆ ಈಗ ಅದರಿಂದ ನುಗ್ಗೇಕಾಯಿ ಕೀಳುತ್ತಾರೆ. ಅದನ್ನು ಕಂಡಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಮಲ್ಲಪ್ಪನ ಮನಸ್ಸೂ ಮೆತ್ತಗಾಗಿದೆ; ತಯಾರಿ ಬಿಟ್ಟು ಆಡುವುದಾದರೆ ಕೋಲು ವಾಪಸು ಕೊಡುತ್ತೇನೆಂದು ಹೇಳಿಕಳಿಸಿದ್ದ. ಸಾಧ್ಯವಿಲ್ಲ ಎಂದು ತಿರುಗಿ ಹೇಳಿಕಳಿಸಿದೆ.

ದಿನಾ ಬೆಳಿಗ್ಗೆ ಮಾಳಿಗೆಯ ಮೇಲೆ, ಹಪ್ಪಳಗಳ ನಡುವೆ, ಬರಿಗೈಯಲ್ಲಿ ನಿಲ್ಲುತ್ತೇನೆ. ಗುರುತು, ಉಸಿರು, ಎರಡು ಬೀಸು, ಪಾದ, ಗುರುತು, ಚೆಂಡು. ಪಕ್ಕದ ಮನೆಯವರು ಯೋಗಾಸನ ಅಂದುಕೊಂಡಿದ್ದಾರೆ. ಏನಾದರೂ ಅಂದುಕೊಳ್ಳಲಿ. ಕೋಲು ಹೋದಾಗಿನಿಂದ ನನ್ನದು ಒಂದು ಹೊಡೆತವೂ ತಪ್ಪಿಲ್ಲ.