ಹೆಂಡತಿ ಮಸ್ಕತ್ತಿನಲ್ಲಿ, ಕಾರು ಉಪ್ಪಳದಲ್ಲಿ

ಉಪ್ಪಳದಲ್ಲಿ ಕಾರಿಗೆ ಅಲಂಕಾರ ಮಾಡುವ ಅಂಗಡಿ ಇಟ್ಟವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ತಾನಾಗಿಯೇ ಹಾರ್ನ್ ಹಾಕಿಕೊಂಡು ಅಂಗಡಿಯ ಮುಂದೆ ಬಂದು ನಿಲ್ಲುತ್ತದೆ. ಸೀಟಿನ ಕವರು, ಸ್ಟಿಯರಿಂಗಿನ ಕವರು, ಗಾಜಿಗೆ ಅಂಟಿಸುವ ಅಕ್ಷರ, ಕನ್ನಡಿಗೆ ನೇತುಹಾಕುವ ಮಣಿ, ನಂಬರ್ ಪ್ಲೇಟಿನ ಸುತ್ತ ಕೂರಿಸುವ ಚೌಕಟ್ಟು, ಹೀಗೆ ಕಾರು ಓಡುವುದಕ್ಕೆ ಬೇಡದ್ದೆಲ್ಲ ನನ್ನಲ್ಲಿ ಉಂಟು. ಮೊದಲು ನಂಬರ್ ಪ್ಲೇಟನ್ನೂ ನಾನೇ ಬರೆದುಕೊಡುತ್ತಿದ್ದೆ. ಎಂಟಕ್ಕೆ ಸೊಂಟ, ಒಂಬತ್ತಕ್ಕೆ ಜಡೆ ಇಟ್ಟು ಬರೆದರೆ ಗಿರಾಕಿ ಸುತ್ತು ಬಂದು ನೋಡುತ್ತಿದ್ದ. ಈಗ ಎಲ್ಲರಿಗೂ ಒಂದೇ ನಮೂನೆಯ ಸರಕಾರಿ ಪ್ಲೇಟು ಬಂದು ಆ ಕಲೆಗೆ ಕಲ್ಲು ಬಿತ್ತು. ಹೆದ್ದಾರಿ ಅಗಲ ಮಾಡುವಾಗ ಅಂಗಡಿಯ ಮುಂದಿನ ಅರ್ಧವೂ ಹೋಯಿತು. ಉಳಿದ ಅರ್ಧದಲ್ಲಿ ನಾನು ಕುಳಿತಿದ್ದೇನೆ.

ನನ್ನ ಹೆಂಡತಿ ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ನರ್ಸು. ನಮ್ಮ ಕಡೆ ಗಂಡಸರು ಗಲ್ಫಿಗೆ ಹೋಗುವುದು, ಹೆಂಗಸರು ಮನೆಯಲ್ಲಿ ಕಾಯುವುದು ವಾಡಿಕೆ. ನಮ್ಮ ಮನೆಯಲ್ಲಿ ಅದು ತಿರುಗಾಮುರುಗಾ ಆಗಿದೆ. ‘ಮನೆಗೆ ತಾರಸಿ ಆಗುವವರೆಗೆ’ ಅಂತ ಹೋದವಳು. ತಾರಸಿ ಆಯಿತು, ಬಾವಿಗೆ ಕಟ್ಟೆ ಆಯಿತು, ಕಂಪೌಂಡು ಆಯಿತು, ಕೊನೆಗೆ ಕಂಪೌಂಡಿನೊಳಗೆ ನಿಲ್ಲಿಸಲು ಒಂದು ಕಾರೂ ಆಯಿತು. ಆ ಕಾರನ್ನು ಅವಳು ನೋಡಿದ್ದು ಫೋನಿನಲ್ಲಿ ಮಾತ್ರ; ಅದು ಬಂದ ಮೇಲೆ ರಜೆಗೂ ಬಂದಿಲ್ಲ. ಕರಾರು ಮುಗಿಯುವಾಗಲೆಲ್ಲ ‘ಇದೊಂದು ಸಲ’ ಅನ್ನುತ್ತಾಳೆ. ಕೆಲಸ ಬಿಟ್ಟು ಪೂರ್ತಿ ಬರುವುದು ಯಾವಾಗ ಅಂತ ಕೇಳುವ ಧೈರ್ಯ ನನಗಿಲ್ಲ. ಕೇಳಿದ ಮೇಲೆ ಉತ್ತರ ಬರುತ್ತದಲ್ಲ, ಅದೇ ಹೆದರಿಕೆ. ಹಾಗಾಗಿ ದಿನಾ ಸಂಜೆ ವಿಡಿಯೋ ಕಾಲಿನಲ್ಲಿ ಅಂಗಡಿಯ ಸುದ್ದಿ ಹೇಳಿ ಅವಳನ್ನು ನಗಿಸುತ್ತೇನೆ. ಹಾಗೆ ಹೇಳಿದ ಕೆಲವು ಇಲ್ಲಿವೆ.

ಪ್ರದಕ್ಷಿಣೆ

ಮುಳ್ಳೇರಿಯ ಕಡೆ ಜೀಪು ಓಡಿಸುವವನೊಬ್ಬ ನನ್ನ ಖಾಯಂ ಗಿರಾಕಿ. ಉಪ್ಪಳಕ್ಕೆ ಬಂದಾಗಲೆಲ್ಲ ಡ್ಯಾಶ್‌ಬೋರ್ಡಿನ ಮೇಲೆ ಇಡಲು ಒಂದು ದೇವರನ್ನು ಕೊಂಡುಹೋಗುತ್ತಾನೆ. ಗಣಪತಿಯಿಂದ ಶುರುವಾದದ್ದು. ಆಮೇಲೆ ಸುಬ್ರಹ್ಮಣ್ಯ, ದುರ್ಗೆ, ಅಯ್ಯಪ್ಪ. ಜೀಪಿಗೆ ಎಲ್ಲ ಜಾತಿಯವರೂ ಹತ್ತುತ್ತಾರೆ, ಯಾರಿಗೂ ಬೇಸರ ಆಗಬಾರದು ಅಂತ ಒಂದು ಮಸೀದಿಯ ಚಿತ್ರ, ಒಬ್ಬ ಮೇರಿಯಮ್ಮ.

“ರಸ್ತೆ ಕಾಣುತ್ತದಾ ಮಾರಾಯ?” ಅಂತ ಕೇಳಿದೆ.

“ನನಗೆ ಕಾಣದಿದ್ದರೂ ಅವರಿಗೆ ಕಾಣುತ್ತದಲ್ಲ” ಅಂದ.

ಒಂದು ದಿನ ತಪಾಸಣೆಯ ಸಾಹೇಬರು ಕೈ ತೋರಿಸಿ ಜೀಪು ನಿಲ್ಲಿಸಿದರು. ಡ್ಯಾಶ್‌ಬೋರ್ಡು ನೋಡಿ, “ಇದನ್ನೆಲ್ಲ ತೆಗೆ” ಅಂದರು.

“ನೀವೇ ತೆಗೆಯಿರಿ ಸಾರ್. ನಾನು ತೆಗೆದರೆ ನನಗೆ ದೋಷ ಬಡಿಯುತ್ತದೆ.”

ಸಾಹೇಬರು ಕೈ ಒಳಗೆ ಹಾಕಿದರು. ಏನೋ ನೆನಪಾಗಿ ಕೈ ಹೊರಗೆ ತೆಗೆದು ಬೂಟು ಕಳಚಿಟ್ಟರು. ಮತ್ತೆ ಕೈ ಹಾಕಿದರು. ಮೊದಲು ಯಾರನ್ನು ಎತ್ತುವುದು? ಮಸೀದಿಯನ್ನು ಎತ್ತಿದರೆ ಒಂದು ಮಾತು, ಗಣಪತಿಯನ್ನು ಎತ್ತಿದರೆ ಇನ್ನೊಂದು. ಕೊನೆಗೆ ಮರ್ಯಾದೆ ಉಳಿಸಿಕೊಳ್ಳಲು, ಟಯರು ನೋಡುತ್ತೇನೆ ಅಂತ ಬರಿಗಾಲಿನಲ್ಲಿ ಜೀಪಿಗೆ ಒಂದು ಸುತ್ತು ಬಂದರು. ಲೈಟು ನೋಡಲು ಇನ್ನೊಂದು ಸುತ್ತು. ಒಳಗಿದ್ದ ಒಬ್ಬಳು ಅಜ್ಜಿ ಕೈಮುಗಿದು ಕೆಳಗಿಳಿದಳು. ಅಜ್ಜಿ ಇಳಿದದ್ದು ನೋಡಿ ಉಳಿದವರೂ ಇಳಿದರು. ಮೂರನೇ ಸುತ್ತಿಗೆ ಸಾಹೇಬರ ಹಿಂದೆ ಇಡೀ ಜೀಪಿನ ಜನ ಇದ್ದರಂತೆ.

ಇದನ್ನು ಹೇಳಿದಾಗ ಹೆಂಡತಿ ನಕ್ಕ ನಗುವಿಗೆ ಅವಳ ಕೈಯಲ್ಲಿದ್ದ ಫೋನು ವಾಲಿ, ಮುಖ ಹೋಗಿ ಅವಳ ರೂಮಿನ ಫ್ಯಾನು ಕಾಣಿಸಿತು. ನಗು ಕೇಳಿಸುತ್ತಿತ್ತು. ನಾನು ಫ್ಯಾನನ್ನೇ ನೋಡುತ್ತ ಕುಳಿತೆ.

ತಲೆಯಾಡಿಸುವ ನಾಯಿ

ಗಲ್ಫಿನಿಂದ ರಜೆಯಲ್ಲಿ ಬಂದ ಒಬ್ಬ, ಬಂದ ಮರುದಿನವೇ ಕಾರು ತಂದು ಇಲ್ಲದ್ದನ್ನೆಲ್ಲ ಹಾಕಿಸಿದ. ರಜೆ ಮುಗಿಯುವ ದಿನ ಅದನ್ನೆಲ್ಲ ಬಿಚ್ಚಿಸಲು ಬಂದ.

“ಯಾಕೆ?” ಅಂದೆ.

“ನಾನಿಲ್ಲದಾಗ ಕಾರು ಯಾರಿಗಾಗಿ ಚಂದ ಕಾಣಬೇಕು?” ಅಂದ.

ಬಿಚ್ಚಿದ್ದನ್ನೆಲ್ಲ ಪೆಟ್ಟಿಗೆಯಲ್ಲಿ ಕಟ್ಟಿಕೊಟ್ಟೆ. ಕಾರು ಅಲ್ಲಾಡಿದಾಗ ತಲೆಯಾಡಿಸುವ ಒಂದು ಗೊಂಬೆ ನಾಯಿ ಇತ್ತು, ಅದನ್ನು ಮಾತ್ರ ಅವನ ತಾಯಿ ತೆಗೆದಿಟ್ಟುಕೊಂಡು ಮನೆಯ ಟಿವಿಯ ಪಕ್ಕ ಇಟ್ಟರು. ಮುಂದೊಂದು ದಿನ ನಾನು ಅವರ ಮನೆಗೆ ಹೋದಾಗ ಅಮ್ಮ ನಾಯಿಯ ತಲೆಗೆ ಬೆರಳು ತಾಗಿಸಿ, “ಇವತ್ತು ಮೀನು ಹುಳಿ ಮಾಡಲಾ?” ಅಂತ ಕೇಳುತ್ತಿದ್ದರು. ನಾಯಿ ತಲೆಯಾಡಿಸುತ್ತಿತ್ತು. ನನ್ನನ್ನು ನೋಡಿ ನಾಚಿಕೊಂಡರು.

“ಮಗನ ನೆನಪಾ ಅಮ್ಮ?”

“ನೆನಪೇನೋ ಹೌದು. ಆದರೆ ಇದೇ ವಾಸಿ. ಅವನು ಯಾವಾಗ ಹೇಳಿದ್ದಕ್ಕೆ ಹೂಂ ಅಂದಿದ್ದ?”

ಮದುವೆಯ ನಂಬರು

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಚಂದದ ನಂಬರಿಗೆ ಜನ ಪ್ರಾಣ ಬಿಡುತ್ತಾರೆ. ಪ್ಲೇಟಿಗೆ ಜಡೆ ಹಾಕುವ ಹಾಗಿಲ್ಲ, ಸರಿ; ನಂಬರನ್ನಾದರೂ ನಮಗೆ ಬೇಕಾದ್ದನ್ನು ಹಿಡಿಯಬಹುದಲ್ಲ. ಅದಕ್ಕೆ ಆನ್‌ಲೈನ್ ಹರಾಜು ಉಂಟು. ದುಬಾಯಿಯಲ್ಲಿ ಕುಳಿತ ಒಬ್ಬ, ತನ್ನ ಹೊಸ ಕಾರಿಗೆ ಮದುವೆಯ ದಿನಾಂಕವೇ ನಂಬರಾಗಬೇಕು ಅಂತ ಹಟಹಿಡಿದು, ಹರಾಜಿನಲ್ಲಿ ಮೂವರನ್ನು ಸೋಲಿಸಿ ಅದನ್ನು ಗೆದ್ದ. ಹೆಂಡತಿಗೆ ಹೇಳಲಿಲ್ಲ. ರಜೆಯಲ್ಲಿ ಬಂದವನು ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ನೇರ ನನ್ನ ಅಂಗಡಿಗೆ ಬಂದ. ನಂಬರಿನ ಮೇಲೆ ಹಿಂದಿನ ಗಾಜಿಗೆ ಎರಡು ಹೃದಯ ಅಂಟಿಸಬೇಕಂತೆ.

“ನಂಬರು ನೋಡಿದೆಯಾ?” ಅಂತ ಹೆಂಡತಿಯನ್ನು ಇಳಿಸಿ ತೋರಿಸಿದ. 1906.

ಅವಳು ನೋಡಿದಳು. “ಹೌದು. ಎಂತ ಅದು?”

“ಎಂತ ಅಂದರೆ? ಜೂನ್ ಹತ್ತೊಂಬತ್ತು! ನಮ್ಮ ಮದುವೆ!”

“ಜೂನಿನಲ್ಲಿ ಯಾರು ಮದುವೆ ಇಡುತ್ತಾರೆ, ಚಪ್ಪರ ತೇಲಿಹೋಗಲಿಕ್ಕಾ?” ಅಂದಳು. ಬಗ್ಗಿ ಪ್ಲೇಟನ್ನು ಇನ್ನೊಮ್ಮೆ ಓದಿದಳು. “ಜೂನ್ ಹತ್ತೊಂಬತ್ತು ನೀವು ಮೊದಲ ಸಲ ವಿಮಾನ ಹತ್ತಿದ ದಿನ.”

ಅವನ ಮುಖ ಬಾಡಿತು. ಅವನದು ತಪ್ಪು ಅಂತ ನನಗೆ ಅನಿಸಲಿಲ್ಲ. ಮದುವೆಯ ದಿನ ಮನುಷ್ಯ ನೂರು ಜನರ ಮಧ್ಯೆ ಇರುತ್ತಾನೆ. ಹೊರಟ ದಿನ ಮನಸ್ಸಿನಲ್ಲಿ ಒಬ್ಬಳೇ ಇರುತ್ತಾಳೆ. ಅವಳಿಗೂ ಹಾಗೇ ಅನಿಸಿರಬೇಕು, ಸೆರಗಿನಿಂದ ಪ್ಲೇಟು ಒರೆಸಿ, “ಇರಲಿ ಬಿಡಿ, ಹೃದಯ ಅಂಟಿಸಿ” ಅಂದು ಕಾರಿನಲ್ಲಿ ಹೋಗಿ ಕುಳಿತಳು.

ಅವನು ನನ್ನ ಹತ್ತಿರ ಬಂದು ದನಿ ತಗ್ಗಿಸಿದ. “ಅಣ್ಣ, ನೀವು ಊಟಕ್ಕೆ ಬಂದಿದ್ದಿರಲ್ಲ? ನಮ್ಮ ಮದುವೆ ಆದದ್ದು ಯಾವತ್ತು?”

ವ್ಯಾನಿನ ಹಿಂದಿನ ಗಾಜು

ಇದು ಹೆಂಡತಿಯೇ ನನಗೆ ಹೇಳಿದ ಸುದ್ದಿ. ಅವರ ಆಸ್ಪತ್ರೆಯ ನರ್ಸುಗಳನ್ನು ರೂಮಿನಿಂದ ಡ್ಯೂಟಿಗೆ ಕರೆದೊಯ್ಯುವ ವ್ಯಾನಿನ ಡ್ರೈವರು ನಮ್ಮ ಬೆಳ್ಳೂರಿನವನು. ಕಾಸರಗೋಡಿನ ಗಾಡಿಗಳ ನಂಬರು ಶುರುವಾಗುವುದು ಕೆಎಲ್ 14 ಅಂತ. ನಮ್ಮವರಿಗೆ ಅದು ಬರೀ ನಂಬರಲ್ಲ, ಮನೆತನದ ಹೆಸರಿದ್ದ ಹಾಗೆ. ಡ್ರೈವರನಿಗೆ ಅದರದ್ದೊಂದು ದೊಡ್ಡ ಸ್ಟಿಕ್ಕರು ಬೇಕಂತೆ. ಕೆಂಪಿನಲ್ಲಿ ಕತ್ತರಿಸಿ, ಹೋಗುವವರ ಕೈಯಲ್ಲಿ ಕೊಟ್ಟು ಕಳಿಸಿದೆ. ಅವನು ವ್ಯಾನಿನ ಹಿಂದಿನ ಗಾಜಿಗೆ ಅಂಟಿಸಿದ.

ಮರುದಿನದಿಂದ ವ್ಯಾನು ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಮುಟ್ಟಲಿಲ್ಲ. ಪ್ರತಿ ಸಿಗ್ನಲ್ಲಿನಲ್ಲಿ ಯಾರಾದರೂ ಪಕ್ಕಕ್ಕೆ ಬಂದು ಗಾಜು ಇಳಿಸುತ್ತಿದ್ದರಂತೆ.

“ಊರು ಎಲ್ಲಿ?”

“ಬೆಳ್ಳೂರು.”

“ಓ, ಬೆಳ್ಳೂರಾ! ನನ್ನ ಅಕ್ಕನನ್ನು ಕೊಟ್ಟದ್ದು ಅಲ್ಲಿಗೇ ಮಾರಾಯ!”

ಹಸಿರು ದೀಪ ಬಂದು ಹೋಗುತ್ತಿತ್ತು. ಹಿಂದಿನವರು ಹಾರ್ನ್ ಹಾಕುತ್ತಿದ್ದರು. ಇವರ ಮಾತು ಅಕ್ಕನ ಗಂಡನ ತಮ್ಮನವರೆಗೆ ಹೋಗುತ್ತಿತ್ತು. ಕೊನೆಗೆ ಹೆಡ್ ನರ್ಸಮ್ಮ ಬಂದು, ಡ್ರೈವರನಿಗೆ ಬಾಯಿಗೆ ಬಂದ ಹಾಗೆ ಬೈದು, “ಈ ಕ್ಷಣ ಕಿತ್ತು ತೆಗೆ” ಅಂದರಂತೆ. ಆಕೆ ಕೋಟ್ಟಯಂನವರು, ತುಂಬ ಕಟ್ಟುನಿಟ್ಟು. ಡ್ರೈವರು ಉಗುರಿನಿಂದ ಕೆರೆಯಲು ಶುರುಮಾಡಿದ. ಆಕೆ ನೋಡುತ್ತ ನಿಂತವರು ಅಲ್ಲಿಂದ ಹೋಗಲೇ ಇಲ್ಲ.

“ನಿಲ್ಲು” ಅಂದರು. “ಇದನ್ನು ಮಾಡಿದವರು ಕೆಎಲ್ 5 ಕೂಡ ಮಾಡಿಕೊಡುತ್ತಾರಾ?”

ಕೋಟ್ಟಯಂನ ನಂಬರು ಅದು. ಮಾಡಿಕೊಟ್ಟೆ. ಆಮೇಲೆ ಉಳಿದ ನರ್ಸುಗಳೂ ಸುಮ್ಮನಿರಲಿಲ್ಲ. ಈಗ ಆ ವ್ಯಾನಿನ ಗಾಜಿನಲ್ಲಿ ಇಡೀ ಕೇರಳ ಇದೆ, ಹಿಂದಿನ ರಸ್ತೆ ಒಂದು ಬಿಟ್ಟು. ನಾನು ಕತ್ತರಿಸಿದ ಅಕ್ಷರಗಳನ್ನು ಅವಳು ದಿನಾ ವ್ಯಾನು ಹತ್ತುವಾಗ ನೋಡುತ್ತಾಳೆ. ಒಂದು ಸ್ಟಿಕ್ಕರಿಗೆ ಸಿಕ್ಕಿದ ಭಾಗ್ಯ ಗಂಡನಿಗೆ ಸಿಗಲಿಲ್ಲವಲ್ಲ ಅಂತ ಹೊಟ್ಟೆ ಉರಿಯುತ್ತದೆ.

ಮುಂದಿನ ಸೀಟು

ಇನ್ನು ನಮ್ಮದೇ ಕಾರಿನ ಸುದ್ದಿ. ವಿಡಿಯೋ ಕಾಲಿನಲ್ಲಿ ಅಂಗಡಿ ತೋರಿಸುವಾಗ ಅವಳು ಯಾವುದನ್ನು ‘ಚಂದ ಉಂಟು’ ಅಂದಳೋ ಅದನ್ನೆಲ್ಲ ನಮ್ಮ ಕಾರಿಗೆ ಹಾಕಿದೆ. ಕಾಲಿನ ಹತ್ತಿರ ನೀಲಿ ದೀಪ, ನೇರಳೆ ಬಣ್ಣದ ಸ್ಟಿಯರಿಂಗ್ ಕವರು, ಕಿಟಕಿಗೆ ಜಾಲರಿಯ ಪರದೆ, ಡಿಕ್ಕಿ ತುಂಬ ಒಂದು ಸ್ಪೀಕರಿನ ಪೆಟ್ಟಿಗೆ. ಒಂದನ್ನು ಮಾತ್ರ ಮಾಡಲಿಲ್ಲ. ಡ್ರೈವರಿನ ಪಕ್ಕದ ಸೀಟಿಗೆ ಕಂಪನಿಯಿಂದ ಬಂದ ಪ್ಲಾಸ್ಟಿಕ್ ಕವರನ್ನು ತೆಗೆಯಲಿಲ್ಲ. ಆ ಸೀಟಿನಲ್ಲಿ ಮೊದಲು ಕೂರುವವಳು ಅವಳೇ ಆಗಬೇಕು ಅಂತ ನನ್ನ ಹಟ.

ಮೂರು ವರ್ಷ ಯಾರನ್ನೂ ಅಲ್ಲಿ ಕೂರಿಸಲಿಲ್ಲ. ಅಮ್ಮನಿಗೆ ಗಂಟುನೋವು, ಹಿಂದೆ ಹತ್ತಿ ಇಳಿಯುವುದು ಕಷ್ಟ. “ಮುಂದೆ ಕೂರುತ್ತೇನೆ ಮಗಾ” ಅಂದರೆ, “ಅದು ನಿಮ್ಮ ಸೊಸೆಗೆ” ಅನ್ನುತ್ತಿದ್ದೆ. ಪಾಪ, ನರಳುತ್ತ ಹಿಂದೆ ಹತ್ತುತ್ತಿದ್ದರು. ಕಾರಿನಲ್ಲಿ ಯಾವಾಗಲೂ ಜನ ಹಿಂದೆ, ನಾನೊಬ್ಬ ಮುಂದೆ ಇರುವುದು ನೋಡಿ ನೆರೆಮನೆಯವರು, “ನಾಳೆ ಮಂಜೇಶ್ವರಕ್ಕೆ ಬಾಡಿಗೆ ಬರುತ್ತೀಯಾ?” ಅಂತ ಕೇಳಿದ್ದೂ ಉಂಟು.

ಹೀಗಿರುವಾಗ ಒಂದು ಸಂಜೆ ಅವಳು, “ಬರುವ ವಾರ ಬರುತ್ತೇನೆ” ಅಂದಳು. ರಜೆಯಲ್ಲಾ, ಪೂರ್ತಿಯಾ? ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ನಮ್ಮವರು ಇದನ್ನು ಸಾಮಾನು ನೋಡಿಯೇ ಹೇಳುತ್ತಾರೆ. ರಜೆಯಲ್ಲಿ ಬರುವವರು ಚಾಕಲೇಟು, ಅತ್ತರು ತರುತ್ತಾರೆ. ವೀಸಾ ಕ್ಯಾನ್ಸಲ್ ಮಾಡಿ ಪೂರ್ತಿ ಬರುವವರು ಹಳೇ ಕಂಬಳಿ, ಇಸ್ತ್ರಿಪೆಟ್ಟಿಗೆ, ಬಾಣಲೆ ತರುತ್ತಾರೆ. ಹಾಗಾಗಿ ಮಂಗಳೂರು ವಿಮಾನ ನಿಲ್ದಾಣದಲ್ಲಿ ಅವಳು ಹೊರಗೆ ಬಂದಾಗ ನಾನು ಮೊದಲು ನೋಡಿದ್ದು ಅವಳ ಮುಖವನ್ನಲ್ಲ, ಟ್ರಾಲಿಯನ್ನು. ಒಂದು ಸೂಟ್‌ಕೇಸು, ಹಗ್ಗ ಬಿಗಿದ ಒಂದು ರಟ್ಟಿನ ಪೆಟ್ಟಿಗೆ. ಹೊರಗಿನಿಂದ ಏನೂ ಗೊತ್ತಾಗಲಿಲ್ಲ. ಆಮೇಲೆ ಮುಖ ನೋಡಿದೆ. ಕಿವಿಯ ಹತ್ತಿರ ಬಿಳಿ ಕೂದಲು ಬಂದಿತ್ತು. ಫೋನಿನಲ್ಲಿ ಅದು ಕಂಡಿರಲಿಲ್ಲ.

ಅವಳು ಕಾರನ್ನು ನೋಡಿದಳು. ಪರದೆ ನೋಡಿದಳು, ದೀಪ ನೋಡಿದಳು. “ಯಾರದ್ದಾದರೂ ಮದುವೆಗೆ ಕೊಟ್ಟಿದ್ದಿರಾ?” ಅಂತ ಕೇಳಿದಳು.

ಡಿಕ್ಕಿ ತೆರೆದರೆ ಸ್ಪೀಕರು. ಸೂಟ್‌ಕೇಸನ್ನು ಹಿಂದಿನ ಸೀಟಿಗೆ ನೂಕಿದೆವು. ಪೆಟ್ಟಿಗೆಗೆ ಜಾಗ ಇರಲಿಲ್ಲ. “ಅಲ್ಲಿ ಬೇಡ” ಅಂತ ನಾನು ಹೇಳುವ ಮೊದಲೇ ಅವಳು ಅದನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ವ್ಯಾನಿನ ಅಭ್ಯಾಸದಲ್ಲಿ ಹಿಂದೆ ಹತ್ತಿ ಸೂಟ್‌ಕೇಸಿನ ಪಕ್ಕ ಒತ್ತಿಕೊಂಡಳು. ಕಾರು ಹೊರಟದ್ದೇ, ಮುಂದೆ ಕುಳಿತವರು ಬೆಲ್ಟು ಹಾಕಿಲ್ಲ ಅಂತ ಕೀಂ ಕೀಂ ಅನ್ನತೊಡಗಿತು. ಅವಳು ಹಿಂದಿನಿಂದ ಕೈ ಚಾಚಿ ಪೆಟ್ಟಿಗೆಗೆ ಬೆಲ್ಟು ಹಾಕಿದಳು.

ನನಗೆ ಅಳು ಬರುವಷ್ಟು ಸಿಟ್ಟು ಬಂತು. ಮೂರು ವರ್ಷ ಕಾದ ಸೀಟಿಗೆ ಒಂದು ರಟ್ಟಿನ ಪೆಟ್ಟಿಗೆ! ವಿಮಾನ ನಿಲ್ದಾಣದ ಗುಡ್ಡ ಇಳಿಯುವ ತಿರುವಿನಲ್ಲಿ ಜೋರಾಗಿಯೇ ತಿರುಗಿಸಿದೆ.

“ನಿಧಾನ ಮಾರಾಯ್ರೆ” ಅಂದಳು. “ಅದರಲ್ಲಿ ಕುಕ್ಕರ್ ಉಂಟು.”

“ಹೊಸತಾ?”

“ಎಂತ ಹೊಸತು? ನನ್ನ ರೂಮಿನದ್ದು. ಹಿಡಿ ಮುರಿದಿದೆ.”

ಕಾರನ್ನು ಬದಿಗೆ ಹಾಕಿ ನಿಲ್ಲಿಸಿದೆ. ಹಿಂದೆ ತಿರುಗಿ ಅವಳ ಮುಖ ನೋಡಿದೆ. “ಕ್ಯಾನ್ಸಲ್ಲಾ?”

“ಮತ್ತೆಂತ? ರಜೆಯಲ್ಲಿ ಬರುವವರು ಹಿಡಿ ಮುರಿದ ಕುಕ್ಕರ್ ಹೊತ್ತು ತರುತ್ತಾರಾ?”

“ಒಂದು ಮಾತು ಹೇಳಬಾರದಿತ್ತಾ ಮಾರಾಯ್ತಿ?”

“ನೀವು ಒಂದು ಸಲವಾದರೂ ಕೇಳಿದಿರಾ? ಇವರಿಗೆ ನಾನು ಬರುವುದು ಬೇಕಾ ಬೇಡವಾ ಅಂತ ಎಷ್ಟು ದಿನ ಯೋಚನೆ ಮಾಡಿದೆ ಗೊತ್ತುಂಟಾ?” ಅಂದಳು. ಇಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡು ಇಷ್ಟು ವರ್ಷ ಬರೀ ನಗೆಚಾಟಿಕೆ ಹೇಳುತ್ತ ಕಳೆದಿದ್ದೆವು.

ಕಣ್ಣು ಒರೆಸಿಕೊಂಡು ಇಳಿದು, ಮುಂದಿನ ಬಾಗಿಲು ತೆರೆದು, “ಕುಕ್ಕರನ್ನು ಹಿಂದೆ ಇಡುತ್ತೇನೆ, ನೀನು ಇಲ್ಲಿ ಬಾ. ನಿನಗೇ ಅಂತ ಇಟ್ಟದ್ದು ಇದು” ಅಂದೆ. ಅವಳು ಬಗ್ಗಿ ನೋಡಿ ಪ್ಲಾಸ್ಟಿಕ್ಕಿನ ಮೇಲೆ ಕೈ ಇಟ್ಟಳು.

“ಈ ಸೆಕೆಯಲ್ಲಿ ಪ್ಲಾಸ್ಟಿಕ್ಕಿನ ಮೇಲಾ? ಬೆನ್ನೆಲ್ಲ ಬೆವರುತ್ತದೆ. ಕುಕ್ಕರೇ ಕೂರಲಿ, ಮೊದಲು ಮನೆಗೆ ಹೋಗುವ” ಅಂದಳು.

ಹಾಗೇ ಬಂದೆವು. ಉಪ್ಪಳದಲ್ಲಿ ಕಾರು ಅಂಗಳಕ್ಕೆ ಬಂದದ್ದೇ ಅಮ್ಮ ಗಂಟುನೋವು ಮರೆತು ಓಡಿ ಬಂದರು. ಸೊಸೆಯನ್ನು ಕೈಹಿಡಿದು ಇಳಿಸಲು ನೇರ ಮುಂದಿನ ಬಾಗಿಲನ್ನೇ ತೆರೆದರು. ಒಳಗೆ ಬೆಲ್ಟು ಹಾಕಿಕೊಂಡು ಪೆಟ್ಟಿಗೆ ಕುಳಿತಿತ್ತು. ಹಿಂದಿನಿಂದ ಸೊಸೆ, “ಜಾಗ್ರತೆ ಅತ್ತೆ, ಕುಕ್ಕರ್ ಅದು” ಅಂದಳು.

ಅಮ್ಮ ಒಮ್ಮೆ ಪೆಟ್ಟಿಗೆಯನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು.

“ಮೂರು ವರ್ಷ ನನ್ನನ್ನು ಹಿಂದೆ ಕೂರಿಸಿದ್ದು ಈ ಕುಕ್ಕರಿಗಾ ಮಗಾ?”